ಹಾಲಿನ ಮೇಜು, ಮಾಂಸದ ಮೇಜು

ಕೇಳುಗರಿಗೆಲ್ಲ ನಮಸ್ಕಾರ.

1733ನೇ ಇಸವಿಯ ಜುಲೈ ತಿಂಗಳು. ಅಮೆರಿಕದ ಜಾರ್ಜಿಯಾದಲ್ಲಿ ಸವಾನ್ನಾ ಎಂಬ ಊರು ಹುಟ್ಟಿ ಆಗಿನ್ನೂ ಐದು ತಿಂಗಳಾಗಿತ್ತು. ಊರಿಗೆಲ್ಲ ಜ್ವರ ಹಬ್ಬಿತ್ತು. ಇದ್ದ ಒಬ್ಬ ವೈದ್ಯರೂ ತೀರಿಕೊಂಡಿದ್ದರು. ಅಂಥ ಹೊತ್ತಿನಲ್ಲಿ ಲಂಡನ್ನಿನಿಂದ ಹೊರಟ ಒಂದು ಹಡಗು ಅಲ್ಲಿಗೆ ಬಂತು. ಅದರಲ್ಲಿ 42 ಮಂದಿ ಯಹೂದಿಗಳಿದ್ದರು. ಹೆಚ್ಚಿನವರು ಪೋರ್ಚುಗಲ್ ಮೂಲದವರು, ಕೆಲವರು ಜರ್ಮನ್ ಮೂಲದವರು. ಅವರಲ್ಲಿ ಒಬ್ಬರು ಸ್ಯಾಮ್ಯುಯೆಲ್ ನೂನೆಸ್, ವೈದ್ಯರು. ಬಂದವರೇ ರೋಗಿಗಳ ಆರೈಕೆಗೆ ನಿಂತರು. ಈ ಜನ ಜೊತೆಯಲ್ಲಿ ತಂದದ್ದು ಒಂದು ತೋರಾ ಸುರುಳಿ, ಅಂದರೆ ಅವರ ಧರ್ಮಗ್ರಂಥ. ಅದನ್ನು ಅವರ ಸಭೆಯವರು ಇವತ್ತಿಗೂ ಜೋಪಾನವಾಗಿ ಇಟ್ಟುಕೊಂಡಿದ್ದಾರೆ.

ಆ ಸಭೆಯ ಹೆಸರು ಮಿಕ್ವೆ ಇಸ್ರೇಲ್. ಊರಿನ ಮಾಂಟೆರೆ ಚೌಕದಲ್ಲಿ ಅವರ ಸಿನಗಾಗ್, ಅಂದರೆ ಪ್ರಾರ್ಥನಾ ಮಂದಿರ ಇದೆ. 1878ರಲ್ಲಿ ಪ್ರತಿಷ್ಠೆಯಾದ ಕಟ್ಟಡ. ಗಾಥಿಕ್ ಶೈಲಿ, ಚೂಪು ಕಮಾನು, ಎತ್ತರದ ಗೋಪುರ. ಹೊರಗಿನಿಂದ ನೋಡಿದರೆ ಚರ್ಚು ಅಂದುಕೊಳ್ಳಬೇಕು, ಹಾಗಿದೆ. ಈ ಸಭೆಯವರು ನಡೆಸುವ ಊಟದ ಹಬ್ಬ ಆ ಊರಲ್ಲಿ ಬಹಳ ಹೆಸರುವಾಸಿ. ಶಾಲೋಮ್ ಯಾಲ್ ಎಂದು ಅದನ್ನು ಕರೆಯುತ್ತಾರೆ. ಬಿಸಿಲಿನ ಕಾವು ಇಳಿದ ಅಕ್ಟೋಬರ್ ತಿಂಗಳಲ್ಲಿ ನಡೆಯುತ್ತದೆ. ಯಹೂದಿಗಳಲ್ಲದವರೂ ಮಕ್ಕಳು ಮರಿ ಕಟ್ಟಿಕೊಂಡು ಬರುತ್ತಾರೆ. ಮಗಳ ಮನೆಗೆ ಹೋಗಿದ್ದಾಗ ನಾನೂ ಅವಳ ಜೊತೆ ಹೋದೆ.

ನಾನು ಸಸ್ಯಾಹಾರಿ. ಮೊಟ್ಟೆ ಹಾಕಿದ ಕೇಕು, ಬ್ರೆಡ್ಡು ತಿನ್ನುತ್ತೇನೆ, ಅಷ್ಟೆ. ಹೊರದೇಶದ ಊಟದ ಜಾತ್ರೆಯಲ್ಲಿ ನನ್ನಂಥವರಿಗೆ ಏನು ಸಿಕ್ಕೀತು ಅಂತ ನಿಮಗೆ ಅನ್ನಿಸಬಹುದು. ಅಲ್ಲಿ ಬೇಕಾದಷ್ಟು ಸಿಕ್ಕಿತು. ಅದು ಯಾಕೆ ಸಿಕ್ಕಿತು ಅನ್ನುವುದೇ ಇವತ್ತಿನ ಮಾತು.

ಯಹೂದಿಗಳ ಅಡಿಗೆಗೆ ಒಂದು ಕಟ್ಟಳೆ ಇದೆ. ಕೋಷರ್ ಎನ್ನುತ್ತಾರೆ. ಹಂದಿಮಾಂಸ ಇಲ್ಲ. ರೆಕ್ಕೆ, ಹುರುಪೆ ಎರಡೂ ಇರುವ ಮೀನು ಮಾತ್ರ ಆಗುತ್ತದೆ. ಸಿಗಡಿ, ಏಡಿ ಆಗುವುದಿಲ್ಲ. ರಕ್ತ ನಿಷಿದ್ಧ, ಅದಕ್ಕೇ ಮಾಂಸವನ್ನು ನೀರಲ್ಲಿ ನೆನೆಸಿ, ಕಲ್ಲುಪ್ಪು ಸವರಿಟ್ಟು, ರಕ್ತ ಹೀರಿಸಿ ತೊಳೆಯುತ್ತಾರೆ. ಇವೆಲ್ಲಕ್ಕಿಂತ ದೊಡ್ಡದು ಇನ್ನೊಂದು: ಮಾಂಸವನ್ನೂ ಹಾಲನ್ನೂ ಬೆರೆಸುವ ಹಾಗಿಲ್ಲ. ಮೇಕೆಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಬೇಡ ಎಂಬ ಮಾತು ತೋರಾದಲ್ಲಿ ಮೂರು ಸಲ ಬರುತ್ತದೆ. ಆ ಒಂದು ಮಾತಿನಿಂದ ಇಡೀ ಅಡಿಗೆಮನೆ ಎರಡಾಗಿದೆ. ಹಾಲಿನ ಪಾತ್ರೆ ಬೇರೆ, ಮಾಂಸದ ಪಾತ್ರೆ ಬೇರೆ. ತಟ್ಟೆ, ಚಮಚ, ಒರೆಸುವ ಬಟ್ಟೆ ಕೂಡ ಬೇರೆ ಬೇರೆ. ಮಾಂಸ ತಿಂದ ಮೇಲೆ ಹಾಲು ಮುಟ್ಟಲು ಆರು ಗಂಟೆ ಕಾಯುವವರಿದ್ದಾರೆ. ಎರಡಕ್ಕೂ ಸೇರದ ತರಕಾರಿ, ಧಾನ್ಯ, ಹಣ್ಣು, ಮೊಟ್ಟೆ, ಮೀನು ಇವೆಲ್ಲ ಮೂರನೆಯ ಗುಂಪು. ಅದಕ್ಕೆ ಪಾರ್ವೆ ಎಂದು ಹೆಸರು.

ಈಗ ಯೋಚನೆ ಮಾಡಿ. ಇದು ಹಾಲಿನ ಅಡಿಗೆ ಅಂತ ಅವರು ಹೇಳಿದರೆ ಅದರಲ್ಲಿ ಮಾಂಸದ ಸೋಂಕೂ ಇರುವುದಿಲ್ಲ. ಕೊಬ್ಬು ಇಲ್ಲ, ಮಾಂಸದ ಸಾರು ಇಲ್ಲ. ಮೀನು, ಮೊಟ್ಟೆ ಇದೆಯಾ, ಚೀಸಿಗೆ ಪ್ರಾಣಿಮೂಲದ ಹೆಪ್ಪು ಹಾಕಿದ್ದಾರಾ ಅಂತ ಒಂದು ಮಾತು ಕೇಳಿಕೊಳ್ಳಬೇಕು, ಅಷ್ಟೆ. ಅಮೆರಿಕದ ಅಂಗಡಿಗಳಲ್ಲಿ ಬಿಸ್ಕತ್ತು, ಸಾಸು, ಸೂಪಿನ ಡಬ್ಬಿಗಳ ಮೇಲೆ ಸೊನ್ನೆಯೊಳಗೆ ಯು ಅಕ್ಷರ ಬರೆದ ಪುಟ್ಟ ಗುರುತು ಇರುತ್ತದೆ. ಅದು ಕೋಷರ್ ಗುರುತು. ಪಕ್ಕದಲ್ಲಿ ಡಿ ಅಕ್ಷರ ಇದ್ದರೆ ಹಾಲಿನದು. ಮಕ್ಕಳ ಮನೆಗೆಂದು ಹೋಗಿ, ಡಬ್ಬಿ ತಿರುಗಿಸಿ ತಿರುಗಿಸಿ ಓದಿ ಸುಸ್ತಾಗುವ ನಮ್ಮ ಹಿರಿಯರಿಗೆ ಈ ಗುರುತು ಬಹಳ ಉಪಕಾರಿ. ದಯವಿಟ್ಟು ನೆನಪಿಟ್ಟುಕೊಳ್ಳಿ.

ಮಿಕ್ವೆ ಇಸ್ರೇಲ್ ಸುಧಾರಣಾ ಪಂಥದ ಸಭೆ. ಆ ಪಂಥದ ಎಲ್ಲರ ಮನೆಯಲ್ಲೂ ಈ ಕಟ್ಟಳೆ ಇಷ್ಟು ಬಿಗಿಯಾಗಿ ನಡೆಯುವುದಿಲ್ಲ. ಆದರೆ ಹಬ್ಬದಲ್ಲಿ ಕಾಣುವ ಒಂದೊಂದು ತಿನಿಸೂ ಹುಟ್ಟಿದ್ದು ಈ ಕಟ್ಟಳೆಯ ಒಳಗೇ. ಏಕಾದಶಿಗೆ ಅನ್ನ ಬೇಡ ಅಂದಿದ್ದಕ್ಕೆ ಅಲ್ವಾ ನಮ್ಮಲ್ಲಿ ಅವಲಕ್ಕಿ, ಗೋಧಿರವೆಗಳ ಅಷ್ಟೊಂದು ಬಗೆ ಬಂದದ್ದು? ಬೇಡ ಅಂದಾಗಲೇ ಅಡಿಗೆ ಮಾಡುವವರ ಕೈ ಚುರುಕಾಗುತ್ತದೆ.

ಹಾಲಾ ಎಂಬ ಬ್ರೆಡ್ಡನ್ನು ನೋಡಿ. ಜಡೆ ಹೆಣೆದ ಹಾಗೆ ಹಿಟ್ಟನ್ನು ಹೆಣೆದು, ಮೇಲೆ ಮೊಟ್ಟೆ ಸವರಿ, ಹೊಂಬಣ್ಣ ಬರುವ ಹಾಗೆ ಬೇಯಿಸಿರುತ್ತಾರೆ. ಮುರಿದರೆ ಎಳೆ ಎಳೆಯಾಗಿ ಬಿಡುತ್ತದೆ. ಇಷ್ಟು ಮೆತ್ತಗಿದೆ, ಬೆಣ್ಣೆ ಜಾಸ್ತಿ ಹಾಕಿರಬೇಕು ಅಂದುಕೊಂಡೆ. ಮಳಿಗೆಯಲ್ಲಿದ್ದ ಹಿರಿಯ ಹೆಂಗಸು ಇಲ್ಲ ಎಂದು ತಲೆಯಾಡಿಸಿದರು. "ಬೆಣ್ಣೆ ಹಾಕಿದರೆ ಶುಕ್ರವಾರ ರಾತ್ರಿ ಕೋಳಿಯ ಜೊತೆ ಇದನ್ನು ತಿನ್ನೋದು ಹೇಗೆ?" ಎಂದರು. ಅದಕ್ಕೇ ಎಣ್ಣೆ, ಮೊಟ್ಟೆ. ಶುಕ್ರವಾರ ಸಂಜೆ ಅವರ ವಾರದ ವಿಶ್ರಾಂತಿಯ ದಿನ ಶುರುವಾಗುತ್ತದೆ. ಆಗ ಮೇಜಿನ ಮೇಲೆ ಎರಡು ಹಾಲಾ ಇಟ್ಟು, ಬಟ್ಟೆ ಮುಚ್ಚಿ, ಪ್ರಾರ್ಥನೆ ಮಾಡಿ ಮುರಿಯುತ್ತಾರೆ. ಮರುಭೂಮಿಯಲ್ಲಿ ಅಲೆಯುವಾಗ ದೇವರು ದಿನಾ ಕೊಡುತ್ತಿದ್ದ ಆಹಾರ, ವಿಶ್ರಾಂತಿಯ ಹಿಂದಿನ ದಿನ ಎರಡು ಪಾಲು ಬರುತ್ತಿತ್ತಂತೆ. ಎರಡು ಬ್ರೆಡ್ಡು ಅದರ ನೆನಪಿಗೆ. ಹೊಸ ವರ್ಷದ ಹಬ್ಬಕ್ಕೆ ಮಾತ್ರ ಜಡೆಯನ್ನು ಸುತ್ತಿ ದುಂಡಗೆ ಮಾಡುತ್ತಾರೆ.

ವಿಶ್ರಾಂತಿಯ ದಿನ ಬೆಂಕಿ ಹೊತ್ತಿಸುವ ಹಾಗಿಲ್ಲ, ಅಡಿಗೆ ಮಾಡುವ ಹಾಗಿಲ್ಲ. ಶುಕ್ರವಾರ ಸೂರ್ಯ ಮುಳುಗಿದಲ್ಲಿಂದ ಶನಿವಾರ ರಾತ್ರಿ ನಕ್ಷತ್ರ ಕಾಣುವ ತನಕ. ಹಾಗಾದರೆ ಶನಿವಾರ ಮಧ್ಯಾಹ್ನ ಬಿಸಿ ಊಟ? ಪೂರ್ವ ಯುರೋಪಿನ ಹೆಂಗಸರು ಕಾಳು, ಬಾರ್ಲಿ, ಆಲೂಗಡ್ಡೆ, ಮಾಂಸ ಎಲ್ಲ ಒಂದು ಮಡಕೆಗೆ ಹಾಕಿ, ಮುಚ್ಚಳಕ್ಕೆ ಹಿಟ್ಟು ಮೆತ್ತಿ, ಶುಕ್ರವಾರವೇ ಊರ ಬೇಕರಿಯ ಒಲೆಯೊಳಗೆ ಇಟ್ಟು ಬರುತ್ತಿದ್ದರು. ಒಲೆಯ ಉಳಿದ ಕಾವಿನಲ್ಲಿ ರಾತ್ರಿಯೆಲ್ಲ ಅದು ಬೇಯುತ್ತಿತ್ತು. ಅದೇ ಚೋಲೆಂಟ್. ಇರಾಕಿನ ಯಹೂದಿಗಳು ಇದೇ ರೀತಿ ಅಕ್ಕಿ ಮತ್ತು ಕೋಳಿಯನ್ನು ರಾತ್ರಿಯಿಡೀ ಬೇಯಿಸುತ್ತಾರೆ. ಸವಾನ್ನಾಕ್ಕೆ ಬಂದವರ ಪೂರ್ವಿಕರು, ಸ್ಪೇನ್ ಪೋರ್ಚುಗಲ್ ಕಡೆಯವರು, ಮೀನನ್ನು ಶುಕ್ರವಾರವೇ ಎಣ್ಣೆಯಲ್ಲಿ ಕರಿದಿಟ್ಟು ಮಾರನೆಯ ದಿನ ತಣ್ಣಗೆ ತಿನ್ನುತ್ತಿದ್ದರು. ಅವರಲ್ಲಿ ಕೆಲವರು ಲಂಡನ್ನಿಗೆ ಹೋದರು, ಕರಿದ ಮೀನೂ ಜೊತೆಗೆ ಹೋಯಿತು. ಇಂಗ್ಲೆಂಡಿನವರು ತಮ್ಮದೇ ಅನ್ನುವ ಫಿಶ್ ಆಂಡ್ ಚಿಪ್ಸಿನ ಮೀನಿಗೆ ಅದೇ ಮೂಲ ಎನ್ನುತ್ತಾರೆ.

ಅತಿ ಉದ್ದದ ಕ್ಯೂ ಇದ್ದದ್ದು ಲಾಟ್ಕೆ ಕರಿಯುವ ಮಳಿಗೆಯ ಮುಂದೆ. ತುರಿದ ಆಲೂಗಡ್ಡೆ, ಈರುಳ್ಳಿ, ಮೊಟ್ಟೆ, ಸ್ವಲ್ಪ ಹಿಟ್ಟು. ಆಲೂಗಡ್ಡೆಯ ನೀರನ್ನು ಗಟ್ಟಿಯಾಗಿ ಹಿಂಡಿ ತೆಗೆಯಬೇಕು, ಇಲ್ಲದಿದ್ದರೆ ಅಂಚು ಗರಿಗರಿ ಆಗುವುದಿಲ್ಲ. ಇದು ಡಿಸೆಂಬರ್ ಹೊತ್ತಿಗೆ ಬರುವ ಹನುಕ್ಕಾ ಹಬ್ಬದ ತಿನಿಸು. ಕ್ರಿಸ್ತಪೂರ್ವ 164ರ ಸುಮಾರಿಗೆ ಯಹೂದಿಗಳು ಜೆರುಸಲೇಮಿನ ತಮ್ಮ ದೇವಾಲಯವನ್ನು ಶತ್ರುಗಳಿಂದ ಮರಳಿ ಪಡೆದಾಗ, ಒಂದೇ ದಿನಕ್ಕಾಗುವಷ್ಟು ದೀಪದ ಎಣ್ಣೆ ಎಂಟು ದಿನ ಉರಿಯಿತು ಎಂಬುದು ನಂಬಿಕೆ. ಹಾಗಾಗಿ ಎಣ್ಣೆಯಲ್ಲಿ ಕರಿದದ್ದು ಏನಾದರೂ ಆ ದಿನ ಬೇಕು. ಆಲೂಗಡ್ಡೆ ಮಾತ್ರ ಈಚಿನದು. ಅದು ದಕ್ಷಿಣ ಅಮೆರಿಕದಿಂದ ಬಂದು ಪೂರ್ವ ಯುರೋಪಿನ ಬಡವರ ಹೊಲ ಸೇರಿದ ಮೇಲೆ ಲಾಟ್ಕೆ ಈ ರೂಪ ಪಡೆಯಿತು. ನೆಂಜಿಕೊಳ್ಳಲು ಎರಡು ಬಗೆ ಇತ್ತು. ಒಂದು ಹುಳಿ ಕೆನೆ, ಇನ್ನೊಂದು ಬೇಯಿಸಿ ಅರೆದ ಸೇಬು. ಸೇಬು ಯಾಕೆ? ಆ ಚಳಿಯ ದೇಶಗಳಲ್ಲಿ ಎಣ್ಣೆ ಸಿಗುತ್ತಿರಲಿಲ್ಲ, ಹೆಬ್ಬಾತಿನ ಕೊಬ್ಬಿನಲ್ಲಿ ಕರಿಯುತ್ತಿದ್ದರು. ಕೊಬ್ಬು ಅಂದರೆ ಮಾಂಸ. ಅದರ ಜೊತೆ ಕೆನೆ ಆಗದು. ಆಗ ಸೇಬು ಬಂತು. ಅದನ್ನು ಕೇಳಿದ ಮೇಲೆ ನನಗೆ ಸೇಬಿನ ಜೊತೆಗಿನ ಲಾಟ್ಕೆಯೇ ಜಾಸ್ತಿ ಇಷ್ಟವಾಯಿತು.

ಬ್ಲಿಂಟ್ಸ್ ಇತ್ತು. ತೆಳ್ಳನೆಯ ಹಾಳೆಯೊಳಗೆ ಸಿಹಿ ಚೀಸು ಮಡಚಿದ್ದು, ಹಾಲಿನ ಮೇಜಿನದು. ಕುಗೆಲ್ ಇತ್ತು. ನೂಡಲ್ಸು, ಒಣದ್ರಾಕ್ಷಿ, ಚಕ್ಕೆ ಪುಡಿ ಸೇರಿಸಿ ಬೇಯಿಸಿದ್ದು. ಕೋಳಿ ಸಾರಿನಲ್ಲಿ ತೇಲುವ ಮಾತ್ಸೊ ಉಂಡೆಯನ್ನು ಮಗಳು ತಿಂದಳು, ನಾನು ಕೇಳಿ ತಿಳಿದುಕೊಂಡೆ. ಮಾತ್ಸೊ ಅಂದರೆ ಹುಳಿ ಬರಿಸದ ಒಣ ರೊಟ್ಟಿ. ಈಜಿಪ್ಟಿನ ಗುಲಾಮಗಿರಿಯಿಂದ ಹೊರಟಾಗ ಹಿಟ್ಟು ಹುಳಿ ಬರುವಷ್ಟೂ ಪುರಸೊತ್ತಿರಲಿಲ್ಲ, ಅದರ ನೆನಪಿಗೆ ಪಾಸೋವರ್ ಹಬ್ಬದಲ್ಲಿ ಅದನ್ನೇ ತಿನ್ನುತ್ತಾರೆ. ಹಿಟ್ಟಿಗೆ ನೀರು ಬಿದ್ದ 18 ನಿಮಿಷದೊಳಗೆ ಬೇಯಿಸಿ ಮುಗಿಸಬೇಕು. ಆ ಹಬ್ಬದಲ್ಲಿ ಅನ್ನ ತಿನ್ನಬಹುದಾ? ಇಲ್ಲಿ ಅವರಲ್ಲೇ ಎರಡು ಪಕ್ಷ. ಜರ್ಮನಿ, ಪೋಲೆಂಡ್ ಕಡೆಯವರು ಅನ್ನ, ಬೇಳೆ ಮುಟ್ಟುತ್ತಿರಲಿಲ್ಲ. ಸ್ಪೇನ್ ಮೂಲದವರಲ್ಲಿ ಅನೇಕರು ಬೇಕಾದಷ್ಟು ತಿನ್ನುತ್ತಿದ್ದರು. ಅಮೆರಿಕದ ಕನ್ಸರ್ವೇಟಿವ್ ಪಂಥದ ಧರ್ಮಸಮಿತಿ 2015ರಲ್ಲಿ ಎಲ್ಲರೂ ತಿನ್ನಬಹುದು ಎಂದಿತು. ಆದರೂ ತಾತ ಮುತ್ತಾತಂದಿರ ಪದ್ಧತಿ ಬಿಡದವರು ಇದ್ದಾರೆ.

ಮೀನಿನ ಉಂಡೆಯದೂ ಹೀಗೇ. ಗೆಫಿಲ್ಟೆ ಫಿಶ್ ಎನ್ನುತ್ತಾರೆ. ವಿಶ್ರಾಂತಿಯ ದಿನ ಊಟದ ಮಧ್ಯೆ ಮುಳ್ಳು ಆರಿಸುವುದೂ ಕೆಲಸವೇ. ಹಾಗಾಗಿ ಮುಳ್ಳನ್ನು ಮೊದಲೇ ತೆಗೆದು, ಮೀನು ಅರೆದು, ಉಂಡೆ ಮಾಡಿ ಬೇಯಿಸಿಡುತ್ತಾರೆ. ಪೋಲೆಂಡಿನವರು ಅದಕ್ಕೆ ಸಕ್ಕರೆ ಹಾಕುತ್ತಾರೆ, ಲಿಥುವೇನಿಯಾದವರು ಮೆಣಸು ಹಾಕುತ್ತಾರೆ. ಪೋಲೆಂಡಿನಲ್ಲಿ ಬೀಟ್ ಗೆಡ್ಡೆಯ ಸಕ್ಕರೆ ಕಾರ್ಖಾನೆಗಳು ಬಂದ ಮೇಲೆ ಸಿಹಿ ಹೆಚ್ಚಾಯಿತಂತೆ.

ಇದೇ ಕಟ್ಟಳೆ ನಮ್ಮ ಪಡುವಣ ಕಡಲ ತೀರಕ್ಕೂ ಬಂದಿದೆ. ಕೊಂಕಣದ ರಾಯಗಡ, ಅಲಿಬಾಗ್ ಸುತ್ತಲಿನ ಹಳ್ಳಿಗಳಲ್ಲಿ ಬೆನೆ ಇಸ್ರೇಲ್ ಎಂಬ ಯಹೂದಿಗಳು ತಲೆತಲಾಂತರದಿಂದ ಬಾಳಿದ್ದಾರೆ. ಮನೆಮಾತು ಮರಾಠಿ. ಗಾಣದಿಂದ ಎಣ್ಣೆ ತೆಗೆಯುವುದು ಕಸುಬು. ಶನಿವಾರ ಗಾಣ ನಿಲ್ಲಿಸುತ್ತಿದ್ದರು, ಅದಕ್ಕೇ ಊರವರು ಅವರನ್ನು ಶನಿವಾರ ತೇಲಿ ಎಂದು ಕರೆದರು. ಮಾಂಸದ ಜೊತೆ ಮೊಸರು, ಕೆನೆ ಆಗದು ಎಂಬ ಕಷ್ಟ ಅವರಿಗೂ ಇತ್ತು. ಅವರ ಕೈಗೆ ಸಿಕ್ಕಿದ್ದು ತೆಂಗಿನಕಾಯಿ ಹಾಲು! ಅದು ಹಾಲಿನ ಹಾಗೆ ರುಚಿ ಕೊಡುತ್ತದೆ, ಆದರೆ ಪಾರ್ವೆ. ಮಾಂಸದ ಸಾರಿಗೂ ಅದೇ, ಹೊಸ ವರ್ಷದ ಹಲ್ವಾಕ್ಕೂ ಅದೇ. 1948ರ ನಂತರ ಇವರಲ್ಲಿ ಹೆಚ್ಚಿನವರು ಇಸ್ರೇಲಿಗೆ ಹೋದರು, ದಿಮೋನಾ, ಅಶ್ದೋದ್, ಲೋದ್ ಮುಂತಾದ ಊರುಗಳಲ್ಲಿ ನೆಲೆಸಿದರು. ತೆಂಗಿನಕಾಯಿ ಬಿಡಲಿಲ್ಲ.

ಮಲಿದಾ ಎಂಬುದು ಅವರದೇ ಆಚರಣೆ, ಬೇರೆ ದೇಶದ ಯಹೂದಿಗಳಲ್ಲಿ ಇದು ಇಲ್ಲ. ಮದುವೆಗೆ ಮುಂಚೆ, ಹೊಸ ಮನೆಗೆ ಬಂದಾಗ, ಹರಕೆ ತೀರಿದಾಗ ಪ್ರವಾದಿ ಎಲಿಯಾಹುವನ್ನು ನೆನೆದು ಹಾಡಿ, ಅದೇ ಹೆಸರಿನ ಸಿಹಿ ಅವಲಕ್ಕಿಯನ್ನು ಹಂಚುತ್ತಾರೆ. ಅಲಿಬಾಗಿನ ಹತ್ತಿರ ಖಂಡಾಲೆ ಎಂಬ ಹಳ್ಳಿಯ ಬಂಡೆಯ ಮೇಲೆ ಎಲಿಯಾಹುವಿನ ರಥ ಇಳಿದ ಗುರುತಿದೆ ಎಂದು ನಂಬಿ ಅಲ್ಲಿಗೂ ಹೋಗುತ್ತಾರೆ. ಮಲಿದಾ ಮಾಡುವುದು ಸುಲಭ. ಅವಲಕ್ಕಿಯನ್ನು ತೊಳೆದು ಸ್ವಲ್ಪ ನೆನೆಯಲು ಬಿಡಿ. ಸಕ್ಕರೆ ಅಥವಾ ಬೆಲ್ಲ, ಹಸಿ ತೆಂಗಿನತುರಿ, ಏಲಕ್ಕಿ ಪುಡಿ, ಬಾದಾಮಿ, ಪಿಸ್ತಾ ಸೇರಿಸಿ ಹಗುರವಾಗಿ ಕಲಸಿ. ತಟ್ಟೆಯಲ್ಲಿ ಗುಡ್ಡೆ ಹಾಕಿ, ಸುತ್ತ ಐದು ಬಗೆಯ ಹಣ್ಣು ಜೋಡಿಸಿ. ಹಾಲು, ಮೊಸರು ಹಾಕಬೇಡಿ.

ನಮಸ್ಕಾರ.