ಹಡಗು ಹತ್ತೋ ಮುಂಚೆ ಕಾರ್ಡಿನ ಲೆಕ್ಕ

ಎಲ್ರಿಗೂ ನಮಸ್ಕಾರ. ನಮ್ಮ ಹಿರಿಯರ ಬಳಗದಿಂದ ಈ ಸಲ ಹನ್ನೆರಡು ಜನ ಸಿಂಗಾಪುರದಿಂದ ಕ್ರೂಸ್ ಹೋಗ್ತಿದಾರೆ, ಪೆನಾಂಗ್ ನೋಡ್ಕೊಂಡು ಫುಕೆಟ್ ನೋಡ್ಕೊಂಡು ವಾಪಸ್ ಬರೋದು ಅಂತ. ಸೀಸಿಕ್‌ನೆಸ್ ಮಾತ್ರೆ, ವೆಜ್ ಊಟ ಇದರ ಬಗ್ಗೆ ಎಲ್ಲಾ ಹೋದ ವಾರನೇ ಮಾತಾಡಿ ಆಯ್ತು. ಕಾರ್ಡಿನ ಬಗ್ಗೆ ಮಾತ್ರ ಯಾರೂ ಕೇಳ್ಲಿಲ್ಲ, ಅದಕ್ಕೆ ಇವತ್ತು ನಾನೇ ಟೈಮ್ ಕೇಳಿ ತಗೊಂಡೆ. ಬ್ಯಾಂಕಲ್ಲಿ ಮೂವತ್ತು ವರ್ಷ ಇದ್ದೋನು ನಾನು, ರಿಟೈರ್ ಆದ್ಮೇಲೆ ಎರಡು ಸಲ ಕ್ರೂಸ್ ಹೋಗಿ ಬಂದೆ, ಎರಡು ಸಲನೂ ಸ್ಟೇಟ್‌ಮೆಂಟ್ ಬಂದ್ಮೇಲೆ ಕೂತ್ಕೊಂಡು ಒಂದೊಂದು ಲೈನೂ ನೋಡಿದೀನಿ.

ಮೊದ್ಲು ಹಡಗೊಳಗೆ ದುಡ್ಡು ಹೇಗೆ ನಡಿಯತ್ತೆ ಅಂತ ಹೇಳ್ತೀನಿ. ಅಲ್ಲಿ ಕ್ಯಾಶ್ ಕೊಡೋ ಹಾಗೇ ಇಲ್ಲ. ಚೆಕ್-ಇನ್ ಮಾಡುವಾಗ ನಿಮ್ಮ ಕ್ರೆಡಿಟ್ ಕಾರ್ಡ್ ಒಂದ್ಸಲ ತಗೊಂಡು ನಿಮ್ಮ ರೂಮಿನ ಅಕೌಂಟಿಗೆ ಜೋಡಿಸ್ತಾರೆ, ಆಮೇಲೆ ಹಡಗಿನ ಕಾರ್ಡೇ ಒಂದು ಕೊಡ್ತಾರೆ, ರಾಯಲ್ ಕೆರಿಬಿಯನ್ ಅನ್ನೋ ಕ್ರೂಸ್ ಕಂಪನಿಯವರು ಅದಕ್ಕೆ ಸೀಪಾಸ್ ಅಂತಾರೆ. ಕಾಫಿ, ವೈಫೈ, ಫೋಟೋ, ಸ್ಪಾ, ದಡದಲ್ಲಿ ಸುತ್ತಾಡೋ ಟೂರು ಎಲ್ಲದಕ್ಕೂ ಅದನ್ನೇ ತೋರ್ಸೋದು. ಅದರ ಮೇಲೆ ಟಿಪ್ಸ್ ಬೇರೆ ಇದೆ, ನೀವು ಕೇಳದೆ ಇದ್ರೂ ಒಬ್ರಿಗೆ ದಿನಕ್ಕೆ 16ರಿಂದ 20 ಡಾಲರ್ ಹತ್ರ ತಾನಾಗೇ ಸೇರ್ಕೊಳತ್ತೆ, ಬಾರಲ್ಲಿ ಏನಾದ್ರೂ ಕುಡಿದ್ರೆ ಬಿಲ್ಲಿನ ಮೇಲೆ 18ರಿಂದ 20 ಪರ್ಸೆಂಟ್ ಸರ್ವಿಸ್ ಚಾರ್ಜ್. ಇದೆಲ್ಲ ಒಟ್ಟು ಸೇರಿ ಕೊನೇ ದಿನ ಕಾರ್ಡಿಗೆ ಬೀಳತ್ತೆ. ಅಂದ್ರೆ ಯಾವ ಕಾರ್ಡ್ ಅನ್ನೋ ತೀರ್ಮಾನ ನೀವು ಮಾಡೋದು ಒಂದೇ ಸಲ, ಕ್ಯೂನಲ್ಲಿ ಸೂಟ್‌ಕೇಸ್ ಹಿಡ್ಕೊಂಡು ನಿಂತಿರುವಾಗ, ಆದ್ರೆ ಅದರ ಪರಿಣಾಮ ಇಡೀ ಟ್ರಿಪ್ಪಿನ ಖರ್ಚಿನ ಮೇಲೆ.

ಈಗ ಫೀ ವಿಷ್ಯ. ನಮ್ಮ ದೇಶದ ಸಾಮಾನ್ಯ ಕ್ರೆಡಿಟ್ ಕಾರ್ಡಲ್ಲಿ ಫಾರಿನ್ ಕರೆನ್ಸಿ ಮಾರ್ಕಪ್ ಅಂತ, ಅಂದ್ರೆ ಹೊರದೇಶದ ದುಡ್ಡಲ್ಲಿ ಖರ್ಚು ಮಾಡಿದ್ರೆ ಬ್ಯಾಂಕ್ ಹಾಕೋ ಫೀ, 3.5 ಪರ್ಸೆಂಟ್ ಇರತ್ತೆ. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಜಿಎಸ್‌ಟಿ ಇರೋದು ಖರ್ಚಿನ ಮೇಲಲ್ಲ, ಮಾರ್ಕಪ್ಪಿನ ಮೇಲೆ, ಇದನ್ನ ತುಂಬ ಜನ ತಪ್ಪು ತಿಳ್ಕೋತಾರೆ. ಎರಡೂ ಸೇರಿ 4.13 ಪರ್ಸೆಂಟ್ ಆಗತ್ತೆ. ಲೆಕ್ಕ ಸುಲಭ ಆಗ್ಲಿ ಅಂತ ಡಾಲರಿಗೆ 90 ರೂಪಾಯಿ ಅಂತ ಇಟ್ಕೊಳ್ಳಿ, ಗಂಡ ಹೆಂಡ್ತಿ ಇಬ್ರ ಹಡಗಿನ ಬಿಲ್ 800 ಡಾಲರ್ ಆಯ್ತು ಅಂದ್ರೆ 72,000 ರೂಪಾಯಿ. ಮಾರ್ಕಪ್ 2,520, ಜಿಎಸ್‌ಟಿ 454, ಹೆಚ್ಚುಕಮ್ಮಿ ಮೂರು ಸಾವಿರ ಹೋಯ್ತು, ಅದರಿಂದ ನಿಮಗೆ ಒಂದು ಲೋಟ ಕಾಫೀನೂ ಬರ್ಲಿಲ್ಲ. ಅದೇ ಬಿಲ್ಲನ್ನ 2 ಪರ್ಸೆಂಟ್ ಮಾರ್ಕಪ್ ಇರೋ ಕಾರ್ಡಲ್ಲಿ ಕಟ್ಟಿದ್ರೆ 1,700 ಹತ್ರ. ಮಾರ್ಕಪ್ಪೇ ಇಲ್ದಿರೋ ಕಾರ್ಡಲ್ಲಿ ಸೊನ್ನೆ. ಸೊನ್ನೆ ಮಾರ್ಕಪ್ ಕಾರ್ಡುಗಳು ನಮ್ಮಲ್ಲೂ ಬಂದಿವೆ, ಫೆಡರಲ್ ಬ್ಯಾಂಕಿನ ಸ್ಕೇಪಿಯಾ, ಐಡಿಎಫ್‌ಸಿ ಫಸ್ಟ್‌ನ ವಾವ್, ಆರ್‌ಬಿಎಲ್‌ನ ವರ್ಲ್ಡ್ ಸಫಾರಿ ಇವೆಲ್ಲ ಆ ಲೆಕ್ಕದಲ್ಲೇ ಬಂದಿದ್ದು. ವಾವ್ ಅನ್ನೋದು ಎಫ್‌ಡಿ ಇಟ್ಟು ತಗೊಳೋ ಕಾರ್ಡು, ಹಾಗಾಗಿ ಪೆನ್ಶನ್ ಮಾತ್ರ ಇರೋರಿಗೂ ಸಿಗತ್ತೆ. ಆದ್ರೆ ಅಪ್ಲೈ ಮಾಡೋ ದಿನ ಆ ಬ್ಯಾಂಕಿನ ಚಾರ್ಜಸ್ ಪಟ್ಟಿ ತೆಗೆದು ನೀವೇ ಓದಿ, ಈ ನಿಯಮಗಳು ಬದಲಾಗ್ತಾನೇ ಇರ್ತಾವೆ.

ನಂಗೆ ಎಲ್ಲಕ್ಕಿಂತ ಜಾಸ್ತಿ ಕಾಳಜಿ ಇರೋದು ಮುಂದಿನ ವಿಷ್ಯದ ಬಗ್ಗೆ, ಸ್ವಲ್ಪ ಗಮನ ಕೊಟ್ಟು ಕೇಳಿ. ಫುಕೆಟ್‌ನಲ್ಲಿ ಇಳಿದಾಗ ಒಂದು ಅಂಗಡೀಲಿ ಮೊಮ್ಮಗಳಿಗೆ ಅಂತ ಬಟ್ಟೆ ತಗೊಂಡೆ. ಕಾರ್ಡ್ ಮೆಷಿನಲ್ಲಿ ಎರಡು ಆಯ್ಕೆ ಬಂತು, ಬಾತ್‌ನಲ್ಲಿ ಇಷ್ಟು, ರೂಪಾಯಿಯಲ್ಲಿ ಇಷ್ಟು ಅಂತ. ಸೇಲ್ಸ್ ಹುಡುಗಿ ನಗ್ತಾ ರೂಪಾಯಿ ಕಡೆ ಬೆರಳು ತೋರ್ಸಿದ್ಲು, ನಾನೂ ನಮ್ಮ ದುಡ್ಡಲ್ಲೇ ಗೊತ್ತಾಗತ್ತಲ್ಲ ಅಂತ ಅದನ್ನೇ ಒತ್ತಿದೆ. ಮನೆಗೆ ಬಂದು ನೋಡಿದ್ರೆ ಅವತ್ತಿನ ರೇಟಿಗಿಂತ ಸುಮಾರು 6 ಪರ್ಸೆಂಟ್ ಜಾಸ್ತಿ ಹಿಡಿದಿದಾರೆ, ಅದು ಸಾಲ್ದು ಅಂತ ನಮ್ಮ ಬ್ಯಾಂಕಿನವರು ಬೇರೆ 1 ಪರ್ಸೆಂಟ್ ಮತ್ತೆ ಜಿಎಸ್‌ಟಿ ಹಾಕಿದಾರೆ. ರೂಪಾಯಿಯಲ್ಲಿ ಕಟ್ಟಿದ್ರೂ ಫಾರಿನ್ ಚಾರ್ಜ್! ಇದಕ್ಕೆ ಡೈನಾಮಿಕ್ ಕರೆನ್ಸಿ ಕನ್ವರ್ಷನ್ ಅಂತಾರೆ, ಡಿಸಿಸಿ ಅಂತ. ರೇಟ್ ನಿರ್ಧಾರ ಮಾಡೋದು ವೀಸಾನೋ ಮಾಸ್ಟರ್‌ಕಾರ್ಡೋ ಅಲ್ಲ, ಆ ಅಂಗಡಿ ಕಡೆಯ ಕಂಪನಿ, ಅದರಲ್ಲಿ ಅಂಗಡಿಗೂ ಪಾಲು ಇರತ್ತೆ. ನಮ್ಮ ಎಷ್ಟೋ ಬ್ಯಾಂಕುಗಳು ಹೊರದೇಶದ ವ್ಯಾಪಾರಿಗೆ ರೂಪಾಯಿಯಲ್ಲಿ ಕಟ್ಟಿದ್ರೆ ಅದಕ್ಕೂ 1 ಪರ್ಸೆಂಟ್ ಆಸುಪಾಸು ಹಾಕ್ತಾರೆ, ಯಾಕಂದ್ರೆ ಬ್ಯಾಂಕ್ ನೋಡೋದು ಕರೆನ್ಸಿ ಒಂದನ್ನೇ ಅಲ್ಲ, ವ್ಯಾಪಾರಿ ಯಾವ ದೇಶದೋನು ಅಂತಾನೂ ನೋಡತ್ತೆ. ಕ್ರೂಸ್ ಕಂಪನಿಯ ವೆಬ್‌ಸೈಟಲ್ಲಿ ಮನೇಲಿ ಕೂತು ರೂಪಾಯಿ ರೇಟಲ್ಲಿ ಬುಕ್ ಮಾಡಿದ್ರೂ ಇದೇ ಕತೆ ಆಗಬಹುದು. ಹಡಗಲ್ಲೂ ಕೆಲವು ಸಲ ಬಿಲ್ ಕ್ಲೋಸ್ ಮಾಡುವಾಗ ನಿಮ್ಮ ಕರೆನ್ಸಿಗೆ ಬದಲಾಯಿಸ್ಲಾ ಅಂತ ಕೇಳ್ತಾರೆ, ಚೆಕ್-ಇನ್ ಫಾರ್ಮಲ್ಲೇ ಒಂದು ಟಿಕ್ ಹಾಕಿ ಇಟ್ಟಿರ್ತಾರೆ. ಬೇಡ ಅನ್ನಿ. ಹಡಗಲ್ಲಿ ಹಡಗಿನ ಕರೆನ್ಸಿ, ದಡದಲ್ಲಿ ದಡದ ಕರೆನ್ಸಿ, ಎಟಿಎಮ್ಮಲ್ಲಿ ಕೇಳಿದ್ರೂ ಇದೇ ಉತ್ತರ.

ಹಡಗಿನ ಕರೆನ್ಸಿ ಯಾವ್ದು ಅಂತ ಮೊದ್ಲೇ ತಿಳ್ಕೊಂಡಿರಿ. ರಾಯಲ್ ಕೆರಿಬಿಯನ್ ಸಿಂಗಾಪುರದಿಂದ ಹೊರಟ್ರೂ ಒಳಗೆ ಅಮೆರಿಕನ್ ಡಾಲರೇ. ಮೆಡಿಟರೇನಿಯನ್ ಕಡೆ ಕೋಸ್ಟಾ, ಎಂಎಸ್‌ಸಿ ಹಡಗಲ್ಲಿ ಯೂರೋ. ನಮ್ಮ ಮುಂಬೈಯಿಂದ ಹೊರಡೋ ಕಾರ್ಡೇಲಿಯಾದಲ್ಲಿ ರೂಪಾಯಿ. ಇದು ಫಾರೆಕ್ಸ್ ಕಾರ್ಡ್, ಅಂದ್ರೆ ಮೊದ್ಲೇ ಹೊರದೇಶದ ದುಡ್ಡು ತುಂಬ್ಸಿ ಇಟ್ಕೊಳೋ ಕಾರ್ಡ್, ತಗೊಂಡು ಹೋಗೋರಿಗೆ ತುಂಬ ಮುಖ್ಯ, ಯಾಕಂದ್ರೆ ಕಾರ್ಡಲ್ಲಿ ಸಿಂಗಾಪುರ ಡಾಲರ್ ತುಂಬ್ಸಿಕೊಂಡು ಹೋಗಿ ಹಡಗಲ್ಲಿ ಅಮೆರಿಕನ್ ಡಾಲರ್ ಬಿಲ್ ಬಂದ್ರೆ ಕ್ರಾಸ್ ಕರೆನ್ಸಿ ಚಾರ್ಜ್ ಬೀಳತ್ತೆ, ಉಳಿಸೋಕೆ ಅಂತ ತಗೊಂಡ ಕಾರ್ಡೇ ಖರ್ಚು ಮಾಡ್ಸತ್ತೆ. ಇನ್ನೊಂದು, ಹಡಗಿನವರು ಖರ್ಚು ಆಗೋ ಮುಂಚೇನೇ ಒಂದಷ್ಟು ದುಡ್ಡನ್ನ ಕಾರ್ಡಲ್ಲಿ ಹೋಲ್ಡ್ ಮಾಡಿ ಇಡ್ತಾರೆ. ಕ್ರೆಡಿಟ್ ಕಾರ್ಡಲ್ಲಿ ಲಿಮಿಟ್ ಕಮ್ಮಿ ಕಾಣತ್ತೆ ಅಷ್ಟೇ, ಅದು ಬಿಲ್ ಆಗದೆ ಮಾರ್ಕಪ್ ಬೀಳಲ್ಲ, ಡೆಬಿಟ್ ಕಾರ್ಡಲ್ಲೋ ಫಾರೆಕ್ಸ್ ಕಾರ್ಡಲ್ಲೋ ಆದ್ರೆ ನಿಮ್ಮ ಸ್ವಂತ ದುಡ್ಡೇ ಲಾಕ್ ಆಗತ್ತೆ, ಹೋಲ್ಡ್ ಬಿಡೋಕೆ ಎಷ್ಟೋ ದಿನ ಬೇಕು. ಕಸಿನೋದಲ್ಲಿ ರೂಮಿನ ಅಕೌಂಟಿಗೆ ಹಾಕಿ ಕ್ಯಾಶ್ ತಗೊಳೋದು ಮಾತ್ರ ದಯವಿಟ್ಟು ಬೇಡ, ಹಡಗಿನವರ ಫೀ ಒಂದು ಕಡೆ, ನಿಮ್ಮ ಬ್ಯಾಂಕ್ ಅದನ್ನ ಕ್ಯಾಶ್ ಅಡ್ವಾನ್ಸ್ ಅಂತ ತಗೊಂಡ್ರೆ ಅವತ್ತಿಂದ್ಲೇ ಬಡ್ಡಿ.

ಟಿಸಿಎಸ್, ಅಂದ್ರೆ ದುಡ್ಡು ಕಟ್ಟುವಾಗ್ಲೇ ಮೇಲೆ ಹಿಡಿಯೋ ತೆರಿಗೆ, ಇದರ ಬಗ್ಗೆ ಸುಮಾರು ಜನ ಹೆದರ್ಕೊಂಡಿದೀರಿ. 2023ರಲ್ಲಿ ಹೊರದೇಶದಲ್ಲಿ ಕ್ರೆಡಿಟ್ ಕಾರ್ಡ್ ಉಜ್ಜೋದನ್ನೂ ಎಲ್‌ಆರ್‌ಎಸ್, ಅಂದ್ರೆ ಹೊರದೇಶಕ್ಕೆ ದುಡ್ಡು ಕಳ್ಸೋ ಮಿತಿಯ ಲೆಕ್ಕಕ್ಕೆ ಸೇರಿಸ್ತೀವಿ ಅಂತ ಸರ್ಕಾರ ಮೇ ತಿಂಗಳಲ್ಲಿ ಹೇಳಿ, ಜೂನ್ ಕೊನೇಲಿ ಅದನ್ನ ಮುಂದೆ ಹಾಕ್ತು. ಟೂರ್ ಪ್ಯಾಕೇಜ್ ಅಂತ ಇಲ್ಲಿನ ಏಜೆಂಟ್ ಹತ್ರ ಕಟ್ಟಿದ್ರೆ ಟಿಸಿಎಸ್ ಹಿಡೀತಾರೆ, ಆದ್ರೆ ಅದು ನಿಮ್ಮ ಪ್ಯಾನ್‌ಗೆ ಜಮಾ ಆಗತ್ತೆ, ನಿಮ್ಮ ಹೆಸರಲ್ಲಿ ಜಮಾ ಆದ ತೆರಿಗೆಯ ಪಟ್ಟಿಯಲ್ಲಿ ಕಾಣತ್ತೆ, ರಿಟರ್ನ್ ಹಾಕಿ ವಾಪಸ್ ತಗೋಬಹುದು. ಮಾರ್ಕಪ್ ಹಾಗಲ್ಲ, ಹೋಯ್ತು ಅಂದ್ರೆ ಹೋಯ್ತು. ಹವಾಮಾನ ಸರಿ ಇಲ್ದೆ ಟೂರ್ ಕ್ಯಾನ್ಸಲ್ ಆಗಿ ಕಾರ್ಡಿಗೆ ರಿಫಂಡ್ ಬಂದ್ರೂ ಅದು ಬರೋದು ಅವತ್ತಿನ ರೇಟಲ್ಲಿ, ಮೊದ್ಲು ಹಿಡಿದ ಮಾರ್ಕಪ್ ಜೊತೇಲಿ ಬರತ್ತೆ ಅಂತ ನಂಬ್ಕೋಬೇಡಿ.

ಅಮೆರಿಕದಲ್ಲಿ ಮಕ್ಕಳಿರೋರು ಅಲಾಸ್ಕಾ ಕ್ರೂಸ್ ಹೋಗ್ತೀರಲ್ಲ, ಅಲ್ಲಿ ಬೇರೆ ದಾರಿ ಇದೆ. ರೂಮಿನ ಅಕೌಂಟಿಗೆ ಮಗನ ಕಾರ್ಡೋ ಮಗಳ ಕಾರ್ಡೋ ಜೋಡಿಸಬಹುದು, ಅಮೆರಿಕದ ಕಾರ್ಡಿಗೆ ಡಾಲರ್ ಬಿಲ್ ಅಂದ್ರೆ ಸಾಮಾನ್ಯವಾಗಿ ತೊಂದ್ರೆ ಇಲ್ಲ. ಸಾಮಾನ್ಯವಾಗಿ ಅಂದೆ ಯಾಕಂದ್ರೆ ಕಾರ್ನಿವಲ್ ಅನ್ನೋ ಕ್ರೂಸ್ ಕಂಪನಿ ನೋಂದಣಿ ಆಗಿದ್ದು ಪನಾಮಾದಲ್ಲಿ, ರಾಯಲ್ ಕೆರಿಬಿಯನ್‌ದು ಲೈಬೀರಿಯಾದಲ್ಲಿ, ಆಫೀಸ್ ಫ್ಲಾರಿಡಾದಲ್ಲಿದ್ರೂ ಒಂದೊಂದು ಬಿಲ್ ಹೊರದೇಶದ ಬ್ಯಾಂಕ್ ಮೂಲಕ ಹೋದ್ರೆ ಅಲ್ಲಿನ ಕಾರ್ಡಿಗೂ 3 ಪರ್ಸೆಂಟ್ ಹತ್ರ ಬೀಳಬಹುದು. ಅಲ್ಲಿನ ಕ್ಯಾಪಿಟಲ್ ಒನ್ ಬ್ಯಾಂಕಿನ ಕಾರ್ಡುಗಳಲ್ಲಿ ಆ ಫೀನೇ ಇಲ್ಲ. ಸಿಯಾಟಲ್‌ನಿಂದ ಹೊರಡೋ ಹಡಗು ಕೆನಡಾದ ವಿಕ್ಟೋರಿಯಾದಲ್ಲಿ ನಿಲ್ಲೋದು 1886ರ ಒಂದು ಅಮೆರಿಕನ್ ಕಾನೂನಿಂದ, ಬೇರೆ ದೇಶದ ಬಾವುಟದ ಹಡಗು ನಡುವೆ ಒಂದು ಹೊರದೇಶದ ಬಂದರು ಮುಟ್ಟಲೇಬೇಕು. ಅಲ್ಲಿ ಇಳಿದು ಟೀ ಕುಡಿದ್ರೆ ಕೆನಡಾ ಡಾಲರ್, ಹಾಗಾಗಿ ಮಕ್ಕಳ ಹತ್ರ ಅವರ ಕಾರ್ಡಿನ ಫೀ ಒಂದ್ಸಲ ಕೇಳ್ಕೊಂಡು ಹೊರಡಿ.

ಕೊನೇದಾಗಿ ಆ್ಯಪ್ ವಿಷ್ಯ. 2020ರ ಅಕ್ಟೋಬರ್‌ನಿಂದ ಆರ್‌ಬಿಐ ನಿಯಮದ ಪ್ರಕಾರ ಹೊಸ ಕಾರ್ಡ್ ಬರೋವಾಗ ದೇಶದೊಳಗೆ ಮಾತ್ರ ಆನ್ ಆಗಿರತ್ತೆ, ಇಂಟರ್‌ನ್ಯಾಷನಲ್ ನಾವೇ ಆನ್ ಮಾಡ್ಬೇಕು, ಲಿಮಿಟ್ಟೂ ನಾವೇ ಇಡ್ಬೇಕು. ಇದನ್ನ ಮನೇಲೇ ಮಾಡ್ಕೊಳ್ಳಿ, ಸಮುದ್ರದ ಮಧ್ಯೆ ಹಡಗಿನ ಮೊಬೈಲ್ ನೆಟ್‌ವರ್ಕಿಗೆ ಫೋನ್ ಸಿಕ್ಕಿಕೊಂಡ್ರೆ ರೋಮಿಂಗ್ ಬಿಲ್ ಬೇರೆ ಕಟ್ಬೇಕಾಗತ್ತೆ. ಪಿನ್ ನೆನಪಿದ್ಯಾ ನೋಡ್ಕೊಳ್ಳಿ. ಕೊನೇ ರಾತ್ರಿ ಗೆಸ್ಟ್ ಸರ್ವಿಸ್ ಕೌಂಟರಲ್ಲಿ ಬಿಲ್ಲಿನ ಪ್ರಿಂಟ್ ಕೇಳಿ ತಗೊಳ್ಳಿ, ನೀವು ಕುಡೀದಿರೋ ಡ್ರಿಂಕು, ತಗೊಳ್ದಿರೋ ಫೋಟೋ ಇದ್ರೆ ಅಲ್ಲೇ ತೆಗೆಸೋದು ಸುಲಭ, ಬೆಂಗಳೂರಿಗೆ ಬಂದ್ಮೇಲೆ ಕಷ್ಟ.

ಹೋಗ್ತಿರೋ ಹನ್ನೆರಡು ಜನ ಶನಿವಾರ ಬೆಳಗ್ಗೆ ನಿಮ್ಮ ನಿಮ್ಮ ಕಾರ್ಡು, ಕನ್ನಡಕ, ಫೋನು ತಗೊಂಡು ಇಲ್ಲಿಗೇ ಬನ್ನಿ. ಯಾರ್ಯಾರ ಕಾರ್ಡಲ್ಲಿ ಮಾರ್ಕಪ್ ಎಷ್ಟಿದೆ ಅಂತ ಒಟ್ಟಿಗೆ ಕೂತು ನೋಡೋಣ. ಪಿನ್ ಮಾತ್ರ ನಂಗೂ ಹೇಳ್ಬೇಡಿ.