ನಾನೇ ಬಿದ್ದು, ನಾನೇ ನೋಡಿ: ಥುಸಿಡಿಡೀಸ್‌ನ ಗ್ರೀಕಲ್ಲೇ ಓದ್ತಾ

ಟೈಮು ಬೆಳಗ್ಗೆ ಐದೂವರೆ, ಮನೇಲಿ ಯಾರೂ ಎದ್ದಿಲ್ಲ. ಟೇಬಲ್ ಮೇಲೆ ಪ್ರಾಚೀನ ಗ್ರೀಕ್ ಇತಿಹಾಸಕಾರ ಥುಸಿಡಿಡೀಸ್ ಬರೆದ ಚರಿತ್ರೆ, ಎರಡನೇ ಪುಸ್ತಕ, ಪಕ್ಕದಲ್ಲಿ ಲಿಡೆಲ್-ಸ್ಕಾಟ್ ಗ್ರೀಕ್-ಇಂಗ್ಲಿಷ್ ಡಿಕ್ಷನರಿ, ಮತ್ತೆ ನನ್ನ ನೋಟ್‌ಬುಕ್ಕು. ದಿನಕ್ಕೆ ಹತ್ತು ಸಾಲು ಆದ್ರೆ ಹೆಚ್ಚು, ಕೆಲವು ದಿನ ಅದೂ ಇಲ್ಲ.

ಈಗ ಓದ್ತಿರೋದು ಕ್ರಿ.ಪೂ. 430ರಲ್ಲಿ ಅಥೆನ್ಸಿಗೆ ಬಂದ ಪಿಡುಗಿನ ಭಾಗ. ಸ್ಪಾರ್ಟಾ ಜೊತೆ ಯುದ್ಧ ಶುರುವಾಗಿ ಎರಡನೇ ವರ್ಷ, ಹಳ್ಳಿ ಜನ ಎಲ್ಲಾ ಕೋಟೆಗೋಡೆ ಒಳಗೆ ಬಂದು ತುಂಬ್ಕೊಂಡಿದಾರೆ, ಬೇಸಿಗೆ ಬೇರೆ, ಉಸಿರುಕಟ್ಟೋ ಗುಡಿಸಲುಗಳು, ರೋಗ ಮೊದಲು ಅಥೆನ್ಸಿನ ಪಿರೇಯಸ್ ಬಂದರಲ್ಲಿ ಕಾಣಿಸ್ಕೊಂಡು ಆಮೇಲೆ ಮೇಲೂರಿಗೆ ಹತ್ತುತ್ತೆ.

ಅಲ್ಲೊಂದು ಸಾಲಿದೆ, ಕೇಳಿ. ದೇಲೋಸೋ ಔತೋಸ್ ತೆ ನೊಸೇಸಾಸ್ ಕಾಯ್ ಔತೋಸ್ ಇದೋನ್ ಅಲ್ಲೂಸ್ ಪಾಸ್ಖೊಂತಾಸ್. ಔತೋಸ್ ಅಂದ್ರೆ ಸ್ವತಃ, ಎರಡೆರಡು ಸಲ ಹೇಳ್ತಾನೆ. ನಾನು ಇದನ್ನ ಮೊದಲು ಇಂಗ್ಲಿಷಿಗೆ ತಿರುಗಿಸೋಕೆ ಹೋಗಿ ಅರ್ಧ ಗಂಟೆ ಒದ್ದಾಡಿದೆ, ಆಮೇಲೆ ಹೊಳೀತು, ಕನ್ನಡದಲ್ಲಿ ಇದು ಹಂಗಂಗೇ ಕೂತ್ಕೊಳುತ್ತೆ: "ನಾನೇ ಕಾಯಿಲೆ ಬಿದ್ದು, ಬೇರೆಯವ್ರು ನರಳೋದನ್ನ ನಾನೇ ನೋಡಿ, ತಿಳಿಸ್ತೀನಿ." ನೊಸೇಸಾಸ್ ಅಂದ್ರೆ ಕಾಯಿಲೆ ಬಿದ್ದು, ಇದೋನ್ ಅಂದ್ರೆ ನೋಡಿ, ಆ ಔತೋಸ್‌ಗೆ ನಮ್ಮ "ನಾನೇ"! ತಿಳಿಸ್ತೀನಿ ಅನ್ನೋದು ಗ್ರೀಕಲ್ಲಿ ಮುಂದಿದೆ, ನಮ್ಮಲ್ಲಿ ಕೊನೆಗೆ ಹೋಗುತ್ತೆ, ಅಷ್ಟೇ ವ್ಯತ್ಯಾಸ. ಗ್ರೀಕ್ ಕಲಿಯೋ ಕನ್ನಡದವ್ರಿಗೆ ನಾನು ಹೇಳೋದು ಇದೇ, ಕೃದಂತ, ಅಂದ್ರೆ ಈ ಬಿದ್ದು, ನೋಡಿ ಥರದ ಕ್ರಿಯಾಪದದ ರೂಪ, ಬಂದಾಗ ಹೆದರ್ಬೇಡಿ, ಕನ್ನಡದಲ್ಲೇ ಯೋಚ್ನೆ ಮಾಡಿ.

2021ರ ಮೇನಲ್ಲಿ ನಮ್ಮನೇಲಿ ಎಲ್ರಿಗೂ ಕೋವಿಡ್. ಮೊದಲು ಹುಷಾರಾದವ್ಳು ನಾನು, ಹಂಗಾಗಿ ಅಮ್ಮನ ರೂಮಿಗೆ ಗಂಜಿ ತಗೊಂಡು ಹೋಗ್ತಿದ್ದಿದ್ದೂ ನಾನೇ. ಈ ಪುಸ್ತಕದಲ್ಲೂ ಅಂಥವ್ರು ಇದಾರೆ. ರೋಗ ಬಂದು ಉಳ್ಕೊಂಡವ್ರೇ ಸಾಯೋರನ್ನ, ನರಳೋರನ್ನ ಕಂಡು ಹೆಚ್ಚು ಮರುಗಿದ್ರು, ಯಾಕಂದ್ರೆ ಒಮ್ಮೆ ಬಂದವ್ರಿಗೆ ಸಾಯೋ ಮಟ್ಟಕ್ಕೆ ಮತ್ತೆ ಬರ್ತಿರ್ಲಿಲ್ಲ ಅಂತಾನೆ. ಎರಡೂವರೆ ಸಾವಿರ ವರ್ಷದ ಹಿಂದೆ ಗಮನಿಸಿ ಬರೆದಿಟ್ಟಿದಾನೆ ಇದನ್ನ.

ಮರುಗಿದ್ದಕ್ಕೆ ಅವನು ಕೊಡೋ ಇನ್ನೊಂದು ಕಾರಣ ಒಂದೇ ಪದ, ಪ್ರೊಎಯ್ದೆನಾಯ್, ಮುಂಚೇನೇ ಗೊತ್ತಿರೋದು. ಡಿಕ್ಷನರಿ ತೆಗೆದ್ರೆ ಇದೂ ಆ "ಇದೋನ್", ನೋಡಿ ಅನ್ನೋದೂ ಒಂದೇ ಬೇರಿಂದ ಬಂದಿರೋದು, ಸಂಸ್ಕೃತದ ವಿದ್, ನಮ್ಮ ವಿದ್ಯೆ ಎಲ್ಲಾ ಅದೇ ವಂಶ. ಅಲ್ಲಿ ಪೆನ್ಸಿಲಲ್ಲಿ ಗೆರೆ ಎಳೆದೆ.

ಅಮ್ಮ ಎದ್ಲು ಅನ್ಸುತ್ತೆ, ಅಡುಗೆಮನೇಲಿ ಲೈಟ್ ಹಾಕಿದ್ಲು. ಕಾಫಿ ಆಗೋವರ್ಗೂ ಅವ್ಳಿಗೆ ಈ ಸಾಲು ಓದಿ ಹೇಳ್ತೀನಿ.