ಡೇರೆ ಬಿಡದ ದೊರೆಗಳು

ಕೇಳುಗರೇ, ನಮಸ್ಕಾರ.

ಕುರಿಯ ಉಣ್ಣೆಯನ್ನು ನೆಲದ ಮೇಲೆ ಹರವುತ್ತಾರೆ. ಕೋಲಿನಿಂದ ಬಡಿದು, ನೀರು ಚಿಮುಕಿಸಿ, ಬಿಗಿಯಾಗಿ ಸುತ್ತುತ್ತಾರೆ. ಆ ಸುರುಳಿಯನ್ನು ಕುದುರೆಗೆ ಕಟ್ಟಿ ಹುಲ್ಲುಗಾವಲಿನಲ್ಲಿ ಉರುಳಿಸುತ್ತಾರೆ. ಬಿಚ್ಚಿ ನೋಡಿದರೆ ದಪ್ಪನೆಯ ಕಂಬಳಿ! ಮಗ್ಗವೇ ಬೇಕಿಲ್ಲ. ಅದನ್ನು ಮರದ ಜಾಲರಿಗೆ ಹೊದಿಸಿದರೆ ಮನೆ ಆಯ್ತು. ಮಂಗೋಲರು ಇದನ್ನು ಗೆರ್ ಅಂತಾರೆ. ಬಾಗಿಲು ದಕ್ಷಿಣಕ್ಕೆ. ಮೇವು ಮುಗಿದರೆ ಮನೆಯನ್ನೇ ಬಿಚ್ಚಿ, ಹೇರಿಕೊಂಡು ಹೊರಟರು.

ತೆಮುಜಿನ್ ಬೆಳೆದದ್ದು ಇಂಥ ಮನೆಯಲ್ಲೇ. 1206ರಲ್ಲಿ ಓನೊನ್ ನದಿಯ ಹತ್ತಿರ ಬುಡಕಟ್ಟುಗಳೆಲ್ಲ ಸಭೆ ಸೇರಿ ಅವನನ್ನು ಚೆಂಗಿಸ್ ಖಾನ್ ಎಂದು ಒಪ್ಪಿಕೊಂಡವು. ಅವನ ಮೊಮ್ಮಗ ಕುಬ್ಲಾಯಿ ಚೀನಾಕ್ಕೇ ದೊರೆಯಾದ. 1271ರಲ್ಲಿ ತನ್ನ ವಂಶಕ್ಕೆ ಯುವಾನ್ ಎಂದು ಹೆಸರಿಟ್ಟ. ಈಗಿನ ಬೀಜಿಂಗ್ ಇರುವ ಕಡೆ ದೊಡ್ಡ ರಾಜಧಾನಿ ಕಟ್ಟಿಸಿದ. ಆದರೆ ಬೇಸಿಗೆ ಬಂತೆಂದರೆ ಆಸ್ಥಾನವೆಲ್ಲ ಉತ್ತರದ ಶಾಂಗ್‌ಡುವಿಗೆ ಹೊರಡುತ್ತಿತ್ತು. ಬೇಸಿಗೆಗೊಂದು ಹುಲ್ಲುಗಾವಲು, ಚಳಿಗಾಲಕ್ಕೊಂದು ಹುಲ್ಲುಗಾವಲು. ಕುರಿ ಕಾಯುವವರ ಲೆಕ್ಕ ಅದು, ಅಲ್ವಾ? ಅರಮನೆ ಬಂದರೂ ಆ ಲೆಕ್ಕ ಬದಲಾಗಲಿಲ್ಲ.

ತುರ್ಕಿ ವಂಶಗಳಲ್ಲೂ ಹಾಗೇ. 15ನೇ ಶತಮಾನದಲ್ಲಿ ಇರಾನಿನ ತಬ್ರೀಜ್ ನಗರವನ್ನು ಆಳಿದವರ ಹೆಸರು ಕರಾ ಕೊಯುನ್ಲು. ಅಂದರೆ ಕರಿ ಕುರಿಯವರು! 'ಕರಾ' ನಮ್ಮ 'ಕರಿ' ಥರವೇ ಕೇಳಿಸುತ್ತದೆ. ಅದು ಕಾಕತಾಳೀಯ ಅಷ್ಟೇ, ಆದರೂ ನನಗೆ ತುಂಬ ಇಷ್ಟ. ಗೋಲ್ಕೊಂಡದ ಕುತುಬ್ ಶಾಹಿಗಳ ಮೂಲಪುರುಷ ಸುಲ್ತಾನ್ ಕುಲಿ ಇದೇ ಕುಲದವನು. ಇನ್ನು ಒಟ್ಟೋಮನ್ ತುರ್ಕರಲ್ಲಿ ಪಾಷಾನ, ಅಂದರೆ ದೊಡ್ಡ ಅಧಿಕಾರಿಯ, ದರ್ಜೆ ತಿಳಿಯಬೇಕಾದರೆ ಅವನ ಧ್ವಜದ ಕೋಲಿಗೆ ಕಟ್ಟಿದ ಕುದುರೆ ಬಾಲಗಳನ್ನು ಎಣಿಸಬೇಕಿತ್ತು.

ನಮ್ಮ ನೆಲಕ್ಕೂ ಈ ಡೇರೆ ಬಂತು. ಮೊಘಲರು ಮಧ್ಯ ಏಷ್ಯಾದ ದೊರೆ ತೈಮೂರನ ವಂಶದವರು. ತಾಯಿಯ ಕಡೆಯಿಂದ ಬಾಬರನಿಗೆ ಚೆಂಗಿಸ್ ಖಾನನ ರಕ್ತವೂ ಇತ್ತು. ಬಾದಶಹರ ಪ್ರಯಾಣಕ್ಕೆ ಎರಡು ಜೊತೆ ಡೇರೆ. ಒಂದರಲ್ಲಿ ವಾಸ, ಇನ್ನೊಂದು ಆಗಲೇ ಮುಂದಿನ ಊರಲ್ಲಿ ಸಿದ್ಧ. ಉರ್ದು ಎಂಬ ಹೆಸರು ಕೂಡ ಪಾಳೆಯ ಎನ್ನುವ ತುರ್ಕಿ ಪದದಿಂದಲೇ ಬಂದದ್ದು.

1695ರಲ್ಲಿ ಗೆಮೆಲ್ಲಿ ಕರೇರಿ ಎಂಬ ಇಟಲಿಯ ಪ್ರವಾಸಿ ಔರಂಗಜೇಬನನ್ನು ನೋಡಿದ. ಎಲ್ಲಿ ಗೊತ್ತಾ? ಕೃಷ್ಣಾ ದಂಡೆಯ ಗಲಗಲಿಯಲ್ಲಿ, ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ. ಬಾದಶಹನಿಗೆ ಆಗ ಎಪ್ಪತ್ತೈದು ದಾಟಿತ್ತು. ಅವನನ್ನು ಇಲ್ಲಿಗೆ ಎಳೆದು ತಂದದ್ದು ಯುದ್ಧ, ನಿಜ. ಆದರೆ ಡೇರೆಯಲ್ಲಿ ಕೂತು ಸಾಮ್ರಾಜ್ಯ ನಡೆಸುವುದು ಅವನ ಮನೆತನಕ್ಕೆ ಹಳೆಯ ರೂಢಿ. ದೆಹಲಿಯಲ್ಲಿ ಅಪ್ಪ ಕಟ್ಟಿಸಿದ ಕೆಂಪುಕೋಟೆ ಇತ್ತು. 1679ರಲ್ಲಿ ಅಲ್ಲಿಂದ ಹೊರಟವನು ಮತ್ತೆ ಅದರ ಬಾಗಿಲು ತುಳಿಯಲಿಲ್ಲ. 1707ರಲ್ಲಿ ಅಹಮದ್‌ನಗರದ ಪಾಳೆಯದಲ್ಲೇ ತೀರಿಕೊಂಡ.